ಗುತ್ಯಪ್ಪನ ಕನ್ವರ್ಷನ್

ಕೋಣಂದೂರಿನಿಂದ ಒಳಗೆ ಹೋದರೆ ಸಿಗುವ ಕೆಳಗಿನಕೊಪ್ಪದ ಗುತ್ಯಪ್ಪನ ಮನೆಯಲ್ಲಿ ಒಂದು ಕೋವಿ ಇತ್ತು. ನಳಿಗೆಯ ಬಾಯಿಂದ ಮಸಿ, ಅಂದರೆ ಮದ್ದಿನ ಪುಡಿ ತುಂಬಿ, ಅದರ ಮೇಲೆ ಸೀಸದ ಚರೆ ಸುರಿದು, ಹಿಂದೆ ಸಿಡಿಯುವ ಕೇಪು ಇಟ್ಟು ಹೊಡೆಯುವ ಹಳೇ ಕಾಲದ ಕೋವಿ. ಬೆಳೆ ಕಾಯಲೆಂದು ಅವನ ಅಪ್ಪ ಜಟ್ಟಪ್ಪನಿಗೆ ಸಿಕ್ಕಿದ್ದ ಲೈಸೆನ್ಸು ಅಪ್ಪನ ಕಾಲಾನಂತರ ಮಗನ ಹೆಸರಿಗೆ ಬಂದಿತ್ತು. ಲೈಸೆನ್ಸಿನ ಜೊತೆಗೆ ಕೋವಿಯ ಸ್ವಭಾವವೂ ಬಂದಿತ್ತು. ಹಾರಿಸಿದಾಗ ಅದು ಹಾರುತ್ತಿರಲಿಲ್ಲ. ಹಾರಿಸದೆ ಇದ್ದಾಗ ಹಾರುತ್ತಿತ್ತು. ಬಾಳೆತೋಟದ ಮಂಗಗಳಿಗೆ ಗುರಿಯಿಟ್ಟು ಎಷ್ಟು ಎಳೆದರೂ ‘ಟಕ್’ ಎಂದು ಸುಮ್ಮನಾಗುತ್ತಿದ್ದ ಆ ಕೋವಿ ಒಮ್ಮೆ ಗೋಡೆಗೆ ಒರಗಿ ನಿಂತಲ್ಲೇ ತಾನಾಗಿ ಢಮಾರ್ ಎಂದು, ಮಾಡಿಗೆ ಕಟ್ಟಿ ತೂಗುಹಾಕಿದ್ದ ಒಂದು ಬಣ್ಣದ ಸೌತೆಕಾಯಿಯನ್ನು ಕೆಳಗುರುಳಿಸಿತ್ತು. ಗುತ್ಯಪ್ಪನ ಹೆಂಡತಿ ದುರ್ಗಮ್ಮ ಅದನ್ನು ದಂಡ ಮಾಡದೆ ಸಾರು ಮಾಡಿದಳು. ಎಲ್ಲರೂ ಮಧ್ಯೆ ಮಧ್ಯೆ ಚರೆ ಉಗುಳುತ್ತ ಊಟ ಮಾಡಿದರು. ಆ ಕೋವಿಗೆ ಇದುವರೆಗೆ ಬಿದ್ದ ಏಕೈಕ ಬೇಟೆ ಅದು.

ಇಂಥ ಕೋವಿಯ ಬಗ್ಗೆ ಯಾರಾದರೂ ಜಂಬ ಪಡುತ್ತಾರೆಯೇ ಎಂದು ಕೇಳಬಹುದು. ಷಡ್ಡಕನ ಎದುರು ಕುಳಿತಾಗ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ.

ಷಡ್ಡಕನ ಹೆಸರು ದುರ್ಗೇಶ್. ದುರ್ಗಮ್ಮನ ತಂಗಿಯ ಗಂಡ, ತೀರ್ಥಹಳ್ಳಿಯಲ್ಲಿ ಕಂಟ್ರಾಕ್ಟರು. ಅವನ ಹೊಸ ಮನೆಯ ಗೃಹಪ್ರವೇಶದ ಊಟಕ್ಕೆ ಗುತ್ಯಪ್ಪ ಕುಳಿತಿದ್ದಾಗ ಆತ ಪಂಕ್ತಿಯ ಉದ್ದಕ್ಕೂ ಓಡಾಡುತ್ತ, ತಾನು ಹೊಸದಾಗಿ ಕೊಂಡ ಜೋಡುನಳಿಗೆ ಕೋವಿಯ ವರ್ಣನೆ ಮಾಡಿದ. ಅದರ ಮರದ ಹಿಡಿ ಯಾವುದು, ಅದನ್ನು ಎತ್ತಿದರೆ ಭುಜಕ್ಕೆ ಹೇಗೆ ಕೂರುತ್ತದೆ ಎಂಬುದನ್ನು ಹೋಳಿಗೆ ಬಡಿಸುವವನು ಮುಂದೆ ಹೋಗುವವರೆಗೂ ಹೇಳಿದ. ಕೊನೆಗೆ ಗುತ್ಯಪ್ಪನ ಎಲೆಯ ಮುಂದೆ ನಿಂತು, ಭಾವನ ಮನೆಯ ಆ ಹಳೇ ಒನಕೆ ಇನ್ನೂ ಇದೆಯೋ, ಒಲೆಗೆ ಹಾಕಿದಿರೋ ಎಂದು ಎಲ್ಲರಿಗೂ ಕೇಳುವ ಹಾಗೆ ವಿಚಾರಿಸಿದ.

ಗುತ್ಯಪ್ಪ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದ. ಹಿಂದಿನ ದಿನವಷ್ಟೇ ಅವನು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದ. ಗಡ್ಡದ ಬಿಳಿಯನೊಬ್ಬ ಮಿಲಿಟರಿಯವರ ಬಳಿ ಇರುವಂಥ ಒಂದು ರೈಫಲ್ಲಿನ ಹೊಟ್ಟೆಯಿಂದ ಏನನ್ನೋ ತೆಗೆದು ಇನ್ನೇನನ್ನೋ ಹಾಕಿ, ದುಬಾರಿ ಗುಂಡಿನ ಬದಲು ಕಡಲೆಕಾಯಿಯಷ್ಟು ಸಣ್ಣ ಗುಂಡು ಹೊಡೆದು ತೋರಿಸಿದ್ದ. ಆತ ಆಡಿದ ಇಂಗ್ಲಿಷಿನಲ್ಲಿ ಗುತ್ಯಪ್ಪನಿಗೆ ದಕ್ಕಿದ್ದು ನಾಲ್ಕೇ ಮಾತು: ಸೆಮಿ ಆಟೊಮ್ಯಾಟಿಕ್, ಬಜೆಟ್, ರಿಮ್‌ಫೈರ್, ಕನ್ವರ್ಷನ್. ಸೆಮಿ ಎಂದರೆ ಅರ್ಧ ಎಂದು ಅವನು ಶಾಲೆಯಲ್ಲಿ ಕಲಿತಿದ್ದ. ಅರ್ಧ ಸಲ ತಾನಾಗಿ ಹಾರುವ ಕೋವಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿರಲಿಲ್ಲ.

“ನಮ್ದು ಸೆಮಿ ಆಟೊಮ್ಯಾಟಿಕ್ ಕಣೋ ದುರ್ಗೇಶ,” ಎಂದ ಗುತ್ಯಪ್ಪ, ಎಲೆಯ ಮೇಲಿನ ಉಪ್ಪಿನಕಾಯಿಯನ್ನು ಉದಾಸೀನವಾಗಿ ಸರಿಸುತ್ತ. “ಖರ್ಚು ಜಾಸ್ತಿ ಬತ್ತದೆ ಅಂತ ಈಗ ಕನ್ವರ್ಷನ್ ಮಾಡ್ಸ್ತಾ ಇದೀನಿ. ಬಜೆಟ್ಟಲ್ಲಿ.”

ದುರ್ಗೇಶ ಜೋಡುನಳಿಗೆಯ ವರ್ಣನೆಯನ್ನು ಅಲ್ಲಿಗೇ ಬಿಟ್ಟು ಮುಂದಿನ ಎಲೆಗೆ ಸರಿದ. ಅಷ್ಟಕ್ಕೆ ಕಥೆ ಮುಗಿಯಬಹುದಿತ್ತು. ಆದರೆ ಅದೇ ಹೊತ್ತಿಗೆ ಪಾಯಸದ ಬಕೆಟ್ಟು ದಡಬಡ ಸದ್ದು ಮಾಡುತ್ತ ಬಂದದ್ದರಿಂದ, ಪಂಕ್ತಿಯ ಆ ತುದಿಯಲ್ಲಿದ್ದವರಿಗೆ ಗುತ್ಯಪ್ಪನ ಮಾತಿನಲ್ಲಿ ಕೇಳಿಸಿದ್ದು ‘ಕನ್ವರ್ಷನ್’ ಒಂದೇ. ಈ ಸೀಮೆಯಲ್ಲಿ ಆ ಪದಕ್ಕೆ ಇರುವುದೂ ಒಂದೇ ಅರ್ಥ. ಗದ್ದೆಯನ್ನು ಗದ್ದೆಯಲ್ಲ ಎಂದು ಸರ್ಕಾರದಿಂದ ಬರೆಸಿಕೊಂಡು, ಕಲ್ಲು ನೆಟ್ಟು, ಸೈಟು ಮಾಡಿ ಮಾರುವುದು. ಪಾಯಸ ಮುಗಿದು ಮಜ್ಜಿಗೆ ಬರುವ ಹೊತ್ತಿಗೆ ಗುತ್ಯಪ್ಪ ರಸ್ತೆ ಬದಿಯ ಗದ್ದೆಯನ್ನು ಕನ್ವರ್ಷನ್ ಮಾಡಿಸುತ್ತಿದ್ದ. ಕೈತೊಳೆಯುವ ನಲ್ಲಿಯ ಬಳಿ ಅದು ಲೇಔಟಾಯಿತು. ಚಪ್ಪಲಿ ಹುಡುಕುವಷ್ಟರಲ್ಲಿ ಮೂಲೆ ಸೈಟು ಯಾರಿಗೆ ಎಂಬ ಬಗ್ಗೆ ಇಬ್ಬರಿಗೆ ಮನಸ್ತಾಪವೂ ಆಯಿತು.

ಸುದ್ದಿ ಗುತ್ಯಪ್ಪನಿಗಿಂತ ಮೊದಲು ಬಸ್ಸು ಹತ್ತಿ ಕೆಳಗಿನಕೊಪ್ಪ ಸೇರಿತು. ಅವನು ಮನೆಗೆ ಬಂದಾಗ ತಾಯಿ ಹುಲಿಯಮ್ಮ ಜಗಲಿಯಲ್ಲಿ ಎಲೆಯಡಿಕೆ ಚೀಲ ಮುಚ್ಚಿಟ್ಟು ಕುಳಿತಿದ್ದಳು. ಆಕೆ ಎಲೆಯಡಿಕೆ ಹಾಕದೆ ಕುಳಿತಿದ್ದಾಳೆಂದರೆ ಮನೆಯಲ್ಲಿ ಏನೋ ದೊಡ್ಡದು ಆಗಿದೆ ಎಂದೇ ಲೆಕ್ಕ.

“ಏನೋ ಗುತ್ಯ, ಕನ್ವರ್ಷನ್ ಮಾಡ್ಸ್ತೀಯಂತೆ. ಹೌದ?”

ಷಡ್ಡಕನ ಬಾಯಿ ಮುಚ್ಚಿಸಿದ ಕೀರ್ತಿ ತನಗಿಂತ ಮುಂಚೆ ಮನೆ ತಲುಪಿದ್ದು ಕಂಡು ಗುತ್ಯಪ್ಪ ಹಿಗ್ಗಿದ. ಹೌದೆಂದ.

“ನಿನ್ನಪ್ಪ ಬಿಟ್ಟುಹೋದದ್ದು ಅದು. ಅದ್ನ ಹಾಳು ಮಾಡ್ಬೇಡ.”

“ಹಾಳು ಎಲ್ಲಿ ಅವ್ವ? ಒಳಗೆ ಸ್ವಲ್ಪ ಬದಲಾಗ್ತದೆ ಅಷ್ಟೆ. ಹೊರಗಿಂದ ನೋಡಿದ್ರೆ ಯಾರಿಗೂ ಗೊತ್ತೇ ಆಗಲ್ಲ.”

ಯಾರಿಗೂ ಗೊತ್ತಾಗದ ಹಾಗೆ ಗದ್ದೆ ಮಾರುವಷ್ಟು ಮಗ ಬೆಳೆದನಲ್ಲ ಎಂದುಕೊಂಡು ಹುಲಿಯಮ್ಮ ಎಲೆಯಡಿಕೆ ಚೀಲದ ದಾರವನ್ನು ಇನ್ನೂ ಬಿಗಿದಳು. ಮರುದಿನ ಬೆಳಿಗ್ಗೆ ಗಂಜಿ ಮುಟ್ಟದೆ, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿ, ಅಂಗಳದ ಕೆಳಗೇ ಇದ್ದ ಗದ್ದೆಯ ಅಂಚಿನ ಮೇಲೆ ಹಾಕಿ, ರಸ್ತೆಗೆ ಮುಖ ಮಾಡಿ ಕುಳಿತಳು. ಸಸಿಮಡಿಗೆ ಬರುವ ನವಿಲುಗಳನ್ನು ಅಟ್ಟಲು ಅವ್ವ ಇಷ್ಟು ಕಷ್ಟಪಡುತ್ತಿದ್ದಾಳಲ್ಲ ಎಂದು ಗುತ್ಯಪ್ಪ ಮರುಗಿದ. ಕೋವಿ ಬೇಗ ಸರಿಮಾಡಬೇಕೆಂಬ ಛಲ ಇನ್ನೂ ಹೆಚ್ಚಾಯಿತು.

ಅವನು ಕೆಲಸಕ್ಕೆ ಇಳಿದ. ವಿಡಿಯೊವನ್ನು ಮತ್ತೆ ಮತ್ತೆ ನೋಡಿದ. ‘ರಿಮ್’ ಎಂದರೆ ಸೈಕಲ್ ಚಕ್ರದ ಬಳೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲವಾದ್ದರಿಂದ ಕೋಣಂದೂರಿನ ಸೈಕಲ್ ಶಾಪಿಗೆ ಹೋಗಿ ಹಳೇ ರಿಮ್ಮೊಂದನ್ನು ಕೊರಳಿಗೆ ಹಾಕಿಕೊಂಡು ಬಂದ. ಮನೆಗೆ ತಂದ ಮೇಲೆ ಅದನ್ನು ಕೋವಿಯ ಯಾವ ಭಾಗಕ್ಕೆ ಹಿಡಿದರೂ ಕೋವಿ ಆಭರಣ ತೊಟ್ಟಂತೆ ಕಂಡಿತೇ ಹೊರತು ಕನ್ವರ್ಟ್ ಆದಂತೆ ಕಾಣಲಿಲ್ಲ. ಆ ಗಡ್ಡದವನು ದೊಡ್ಡದರೊಳಗೆ ಚಿಕ್ಕದನ್ನು ತೂರಿಸಿದ್ದನಲ್ಲ ಎಂಬುದು ಆಮೇಲೆ ನೆನಪಾಯಿತು. ಹಿತ್ತಿಲಿನಲ್ಲಿ ಔಷಧಿ ಹೊಡೆಯುವ ಪಂಪಿನ ಉದ್ದನೆಯ ಹಿತ್ತಾಳೆ ನಳಿಕೆ ಬಿದ್ದಿತ್ತು. ಅದನ್ನು ಕೋವಿಯ ನಳಿಗೆಯ ಬಾಯಿಗಿಟ್ಟು ನೋಡಿದ. ದೇವರೇ ಅಳತೆ ತೆಗೆದು ಮಾಡಿಸಿದ ಹಾಗೆ ಒಳಗೆ ಹೋಯಿತು. ಸಂತೋಷದಿಂದ ಮರದ ಕೊಡತಿಯಲ್ಲಿ ಎರಡು ಏಟು ಹಾಕಿದ. ಆಮೇಲೆ ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಔಷಧಿ ಚಿಮ್ಮುವ ತುದಿ ಮಾತ್ರ ಕೋವಿಯ ಬಾಯಿಂದ ಗೇಣುದ್ದ ಹೊರಗೆ ಚಾಚಿಕೊಂಡು, ಕೊಕ್ಕರೆಯೊಂದು ಮೀನಿಗೆ ಕಾದ ಹಾಗೆ ಕಂಡಿತು.

ಕೊಬ್ಬರಿ ಎಣ್ಣೆ ಬಿಟ್ಟ. ಸೋಪಿನ ನೀರು ಬಿಟ್ಟ. ಕೊನೆಗೆ ದುರ್ಗಮ್ಮನನ್ನು ಕರೆದು ಕೋವಿಯ ಹಿಡಿ ಅವಳ ಕೈಗೆ ಕೊಟ್ಟು ತಾನು ನಳಿಕೆ ಹಿಡಿದು ಎಳೆದ. ಗಂಡ ಹೆಂಡತಿ ಎದುರುಬದುರು ಎಳೆಯುವುದು ಆ ಮನೆಗೆ ಹೊಸದೇನಲ್ಲ. ಒಂದೇ ಉದ್ದೇಶಕ್ಕಾಗಿ ಎಳೆದದ್ದು ಮಾತ್ರ ಅದೇ ಮೊದಲು. ಫಲ ಎಂದಿನಂತೆಯೇ ಆಯಿತು.

ಹೀಗಿರುವಾಗ ಸಾಗರದಿಂದ ಹೇರಂಬ ಬಂದ. ಬಿಳಿ ಪ್ಯಾಂಟು, ಕರಿ ಕನ್ನಡಕ, ಎರಡು ಮೊಬೈಲು. ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರ ಮನೆಯಲ್ಲಿ ಜಮೀನಿನ ಮಾತು ಎದ್ದರೂ ಅಲ್ಲಿಗೆ ಕಾಫಿಯ ಹೊತ್ತಿಗೆ ತಲುಪುವ ದಲ್ಲಾಳಿ. ಗೃಹಪ್ರವೇಶದ ಮನೆಯಿಂದ ವಿಷಯ ತಿಳಿಯಿತು, ಕನ್ವರ್ಷನ್ ವಿಚಾರವಾಗಿ ಬಂದಿದ್ದೇನೆ ಎಂದು ಆತ ಹೇಳಿದ ಕೂಡಲೇ ಗುತ್ಯಪ್ಪನಿಗೆ ಜೀವ ಬಂದಂತಾಯಿತು. ದುರ್ಗೇಶ ಎಷ್ಟಾದರೂ ಒಳ್ಳೆಯವನು, ಕೋವಿ ರಿಪೇರಿಯವನನ್ನು ಹುಡುಕಿ ಕಳಿಸಿದ್ದಾನೆ ಎಂದುಕೊಂಡು ಬಂದವನನ್ನು ಒಳಗೆ ಕೂರಿಸಿದ. ಹೇರಂಬ ಕಾಲಮೇಲೆ ಕಾಲು ಹಾಕಿ, ಮುಂಭಾಗದ ಅಗಲ ಎಷ್ಟು ಬರುತ್ತದೆ ಎಂದು ಶುರು ಮಾಡಿದ.

“ಹೆಬ್ಬೆರಳು ಹಿಡಿಸ್ತದೆ,” ಎಂದ ಗುತ್ಯಪ್ಪ.

ಹೇರಂಬ ಅದನ್ನು ಹಳ್ಳಿಯವರ ವಿನಯ ಎಂದುಕೊಂಡು ನಕ್ಕ. ಉದ್ದ ಎಷ್ಟೆಂದು ಕೇಳಿದ. ಗುತ್ಯಪ್ಪ ಎದ್ದು ನಿಂತು ತನ್ನ ಎದೆಗೆ ಕೈ ಇಟ್ಟು ತೋರಿಸಿದ. ಎದೆ ಮುಟ್ಟಿ ಹೇಳುವ ಮಾಲೀಕನನ್ನು ಹೇರಂಬ ಅದುವರೆಗೆ ಕಂಡಿರಲಿಲ್ಲ. ಗೌರವದಿಂದ ಕಾಲು ಕೆಳಗಿಳಿಸಿದ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆಯೇ ಎಂದು ಕೇಳಿದ್ದಕ್ಕೆ, ಬಾಯಿಗೆ ಬಟ್ಟೆ ತುರುಕಿ ಮೂಲೆಯಲ್ಲಿ ನಿಲ್ಲಿಸುತ್ತೇವೆ, ಹನಿ ನೀರು ಹೋಗುವುದಿಲ್ಲ ಎಂಬ ಉತ್ತರ ಬಂತು. ಆತ ಚರಂಡಿಯ ಬಾಯಿ ಇರಬೇಕೆಂದು ತಲೆಯಾಡಿಸಿದ.

“ದಾಖಲೆ ಯಾರ ಹೆಸರಲ್ಲಿದೆ, ಗುತ್ಯಪ್ಪನೋರೆ?”

“ಅಪ್ಪನ ಹೆಸರಲ್ಲಿತ್ತು. ಈಗ ನನ್ನ ಹೆಸರಿಗೆ ಬಂದಿದೆ.”

“ಹೆಣ್ಣುಮಕ್ಕಳದ್ದು ಏನಾದ್ರೂ ತಕರಾರು?”

“ಅವ್ರು ಅದ್ರ ಹತ್ರಾನೇ ಸುಳಿಯಲ್ಲ. ಯಾವಾಗ ಹಾರ್ತದೋ ಅಂತ ಹೆದರ್ತಾರೆ.”

“ಹಾರ್ತದೆ, ಹಾರ್ತದೆ. ಈಗ ಎಲ್ಲಾ ಕಡೆ ಹಾರ್ತಾ ಇದೆ,” ಎಂದು ಹೇರಂಬ ಬೆಲೆಯನ್ನು ನೆನೆದು ಕಣ್ಣರಳಿಸಿದ. “ಹಾರೋಕೆ ಮುಂಚೆ ಕೈಗೆ ಬರ್ಬೇಕು. ನೀವು ನಂಗೆ ಒಪ್ಪಿಸಿಬಿಡಿ. ಪೂರ್ತಿ ಚೊಕ್ಕ ಮಾಡಿ ಕೊಡ್ತೀನಿ.”

ಗುತ್ಯಪ್ಪ ಸಂತೋಷದಿಂದ ಒಪ್ಪಿದ. ಮುಂದಿನ ಸೋಮವಾರ ತನ್ನ ಪಾರ್ಟಿಯನ್ನು ಕರೆದುಕೊಂಡು ಬರುತ್ತೇನೆಂದು ಹೇರಂಬ ಎದ್ದ. ಕೋವಿ ರಿಪೇರಿಗೆ ಪಾರ್ಟಿ ಏಕೆ ಎಂದು ಗುತ್ಯಪ್ಪನಿಗೆ ಕ್ಷಣಕಾಲ ಅನಿಸಿತು. ನಳಿಕೆ ಎಳೆಯಲು ಆಳು ಬೇಕಲ್ಲ ಎಂದು ಸಮಾಧಾನ ಮಾಡಿಕೊಂಡ. ಕಾರು ಹತ್ತುವಾಗ ಹೇರಂಬ ಗದ್ದೆಯಂಚಿನ ಕುರ್ಚಿಯಲ್ಲಿದ್ದ ಮುದುಕಿಗೆ ಕೈಮುಗಿದ. ಹುಲಿಯಮ್ಮ ಕುರ್ಚಿಯನ್ನು ತಿರುಗಿಸಿ ಬೆನ್ನು ಹಾಕಿದಳು.

ಆ ವಾರದಲ್ಲೇ ಪಂಚಾಯಿತಿ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂತೆಂದರೆ ಲೈಸೆನ್ಸ್ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಸಿಕೊಳ್ಳಬೇಕು. ಊರಿನ ಉಳಿದ ಕೋವಿಗಳು ಗೋಣಿಚೀಲ ಸುತ್ತಿಕೊಂಡು ಬೈಕು, ಆಟೊಗಳಲ್ಲಿ ಹೊರಟವು. ಗುತ್ಯಪ್ಪನಿಗೆ ಈಗ ನಿಜವಾದ ಭಯ ಹತ್ತಿತು. ಲೈಸೆನ್ಸಿನ ಕೋವಿಗೆ ತನ್ನಿಷ್ಟದ ಹಾಗೆ ಏನನ್ನಾದರೂ ಸೇರಿಸುವುದು ದೊಡ್ಡ ಅಪರಾಧ ಎಂದು ದುರ್ಗಮ್ಮ ಯಾರಿಂದಲೋ ಕೇಳಿಕೊಂಡು ಬಂದು ಹೇಳಿದಳು. ಬಾಯಲ್ಲಿ ಔಷಧಿ ಪಂಪು ಕಚ್ಚಿಕೊಂಡ ಕೋವಿಯನ್ನು ಠಾಣೆಯ ಮೇಜಿನ ಮೇಲೆ ಇಡುವುದನ್ನು ಅವನು ಕಲ್ಪಿಸಿಕೊಂಡ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ತಳ್ಳುತ್ತ ಸೋಮವಾರದ ರಿಪೇರಿಯವನನ್ನೇ ನಂಬಿ ಕುಳಿತ.

ಸೋಮವಾರ ಬೆಳಿಗ್ಗೆ ಮೊದಲು ಬಂದವಳು ಅಕ್ಕ ಯಮುನಮ್ಮ, ಹೊಸನಗರದಿಂದ, ಗಂಡನ ಸಮೇತ. ತವರಿನ ಆಸ್ತಿ ಹೀಗೆ ಕದ್ದು ಮಾರುವುದಾದರೆ ತನ್ನ ಪಾಲೂ ಅದರಲ್ಲಿದೆ ಎಂದು ಅಂಗಳದಲ್ಲೇ ಹೇಳಿದಳು. ಅಕ್ಕನಿಗೆ ಕೋವಿಯಲ್ಲಿ ಪಾಲು ಯಾಕೆ ಬೇಕಾಯಿತೆಂದು ತಿಳಿಯದೆ ಗುತ್ಯಪ್ಪ, ಅದನ್ನು ಪಾಲು ಮಾಡಲು ಬರುವುದಿಲ್ಲ, ಬೇಕಾದರೆ ಇಡಿಯಾಗಿ ನೀನೇ ತೆಗೆದುಕೊಂಡು ಹೋಗು, ನನಗೆ ಪೀಡೆ ಕಳೆದರೆ ಸಾಕು ಎಂದ. ಇಡೀ ಗದ್ದೆಯನ್ನು ತಮ್ಮ ಒಂದೇ ಮಾತಿಗೆ ಬಿಟ್ಟುಕೊಟ್ಟದ್ದು ಕಂಡು ಯಮುನಮ್ಮನಿಗೆ ಜಗಳವಾಡಲು ಏನೂ ಉಳಿಯದೆ ಅಳು ಬಂದುಬಿಟ್ಟಿತು.

ಅಷ್ಟರಲ್ಲಿ ಬೆಳೆ ಸಮೀಕ್ಷೆಗೆಂದು ಹೊರಟಿದ್ದ ಗ್ರಾಮ ಆಡಳಿತಾಧಿಕಾರಿ ನಿರಂಜನ ಬೈಕಿನಲ್ಲಿ ಬಂದಿಳಿದ. ಅವನ ಹಿಂದೆಯೇ ಹೇರಂಬನ ಕಾರು, ಅದರೊಳಗೆ ಶಿವಮೊಗ್ಗದ ಪಾರ್ಟಿಯವರಿಬ್ಬರು, ಮೇಲೆ ಒಂದು ದೊಡ್ಡ ಫ್ಲೆಕ್ಸು. ಕಾರು ಗದ್ದೆಯ ಪಕ್ಕದ ಮೆದು ಮಣ್ಣಿನಲ್ಲಿ ಹೂತುಕೊಂಡು ನಿಂತಿತು. ಹೇರಂಬ ಅದನ್ನು ಗಮನಿಸದೆ ಫ್ಲೆಕ್ಸು ಇಳಿಸಿ ಬೇಲಿಗೆ ಒರಗಿಸಿದ. ‘ಜಟ್ಟಪ್ಪ ಗ್ರೀನ್ ಸಿಟಿ’ ಎಂದು ಬರೆದಿತ್ತು. ಪಕ್ಕದಲ್ಲಿ ಈಜುಕೊಳದ ಚಿತ್ರ. ಗುತ್ಯಪ್ಪ ಅದನ್ನು ಓದಿ, ಕೋವಿ ರಿಪೇರಿಯವನು ಅಪ್ಪನ ಹೆಸರಿನಲ್ಲಿ ಫ್ಲೆಕ್ಸು ಹಾಕುವಷ್ಟು ಭಕ್ತಿ ಇಟ್ಟುಕೊಂಡಿದ್ದಾನಲ್ಲ ಎಂದು ಫ್ಲೆಕ್ಸಿಗೆ ಕೈಮುಗಿದ.

ಕಡೆಯದಾಗಿ ಬಂದವರು ಹೆಡ್ ಕಾನ್‌ಸ್ಟೆಬಲ್ ಹರಿಪ್ರಸಾದ್. ಠಾಣೆಗೆ ಬಾರದೆ ಉಳಿದದ್ದು ಇದೊಂದೇ ಕೋವಿ. ಜೊತೆಗೆ ದುರ್ಗೇಶ ತೀರ್ಥಹಳ್ಳಿಯ ಹೋಟೆಲಿನಲ್ಲಿ ಕುಳಿತು ಭಾವನ ಕೋವಿಯ ಗುಣಗಾನ ಮಾಡಿದ್ದು ಅವರ ಕಿವಿಗೂ ಬಿದ್ದಿತ್ತು. ಅವರು ಟೋಪಿ ಸರಿಮಾಡಿಕೊಂಡು ಅಂಗಳದ ಮಧ್ಯೆ ನಿಂತರು.

“ಗುತ್ಯಪ್ಪ, ನೀನು ಕನ್ವರ್ಷನ್ ಮಾಡಿದ್ದು ನಿಜವ?”

ಪೊಲೀಸರನ್ನು ಕಂಡೇ ಅರ್ಧ ಕರಗಿದ್ದ ಗುತ್ಯಪ್ಪ ಪೂರ್ತಿ ಕರಗಿದ.

“ಮಾಡಿದೀನಿ ಸ್ವಾಮಿ. ಸುಳ್ಳು ಹೇಳಲ್ಲ. ಆದ್ರೆ ಅರ್ಧಕ್ಕೆ ಸಿಕ್ಕಿಹಾಕ್ಕೊಂಡಿದೆ. ಎಷ್ಟು ಎಳೆದ್ರೂ ಈಚೆ ಬತ್ತಾ ಇಲ್ಲ.”

ನಿರಂಜನ ಕೂಡಲೇ ಮಧ್ಯೆ ಬಂದು, ಅಂಥ ಯಾವ ಫೈಲೂ ತನ್ನ ಮೇಜಿಗೆ ಬಂದೇ ಇಲ್ಲ, ಸಿಕ್ಕಿಕೊಂಡಿದ್ದರೆ ಅದು ಮೇಲಿನ ಕಚೇರಿಯಲ್ಲಿ, ಎಳೆದದ್ದು ಯಾರು ಎಂಬುದನ್ನು ಸಾಕ್ಷಿಗಳ ಮುಂದೆ ಹೇಳಬೇಕು ಎಂದು ಪಟ್ಟುಹಿಡಿದ. ಎಳೆದದ್ದು ನಾನೂ ನನ್ನ ಹೆಂಡತಿಯೂ, ಎಣ್ಣೆ ಹಾಕಿ ಎಳೆದೆವು ಎಂದು ಗುತ್ಯಪ್ಪ ಒಪ್ಪಿಕೊಂಡ. ‘ಎಣ್ಣೆ’ ಎಂಬುದು ಯಾವ ಕಚೇರಿಯ ಗುಪ್ತನಾಮ ಎಂದು ಪಾರ್ಟಿಯವರು ಹೇರಂಬನನ್ನು ಪಿಸುಮಾತಿನಲ್ಲಿ ಕೇಳಿದರು. ಕೆಲಸ ಕಾನೂನುಬದ್ಧವಾಗಿ ಆಗುತ್ತದೆ, ಗುತ್ಯಪ್ಪನೋರು ಎದೆ ಮುಟ್ಟಿ ಒಪ್ಪಿದ್ದಾರೆ ಎಂದು ಹೇರಂಬ ಎಲ್ಲರಿಗೂ ಕೇಳುವಂತೆ ಹೇಳಿದ. ಹಾಗಾದರೆ ಈ ಅಪರಾಧದಲ್ಲಿ ನೀನೂ ಇದ್ದೀಯಾ ಎಂದು ಹರಿಪ್ರಸಾದ್ ಅವನ ಕಡೆ ತಿರುಗಿದಾಗ ಅವನ ಕರಿ ಕನ್ನಡಕ ತಾನಾಗಿ ಮೂಗಿನಿಂದ ಜಾರಿತು.

ಇನ್ನು ತಡೆಯಲಾರದೆ ಗುತ್ಯಪ್ಪ ಒಳಗೆ ಓಡಿ ಕೋವಿಯನ್ನೇ ತಂದು ಮುಂದೆ ಹಿಡಿದ.

ಹರಿಪ್ರಸಾದ್ ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಬಹಳ ಕೋವಿ ಕಂಡಿದ್ದರು, ಕೊಕ್ಕಿರುವ ಕೋವಿ ಕಂಡಿರಲಿಲ್ಲ. ಇದು ಸೆಮಿ ಆಟೊಮ್ಯಾಟಿಕ್ಕೋ ಎಂದು ಮೆಲ್ಲಗೆ ಕೇಳಿದರು. ಅರ್ಧ ಸಲ ತಾನಾಗಿ ಹಾರುತ್ತದೆ, ಅದಕ್ಕೇ ಹಾಗೆಂದೆ ಎಂದು ಗುತ್ಯಪ್ಪ ಹೇಳಿದ. ಮೊದಲು ಅದನ್ನು ಗದ್ದೆಯ ಕಡೆಗೆ ತಿರುಗಿಸಿ ಕಟ್ಟೆಯ ಮೇಲಿಟ್ಟು ದೂರ ಸರಿ ಎಂದು ಅವರು ಆಜ್ಞೆ ಮಾಡಿದರು. ಗದ್ದೆಯಲ್ಲಿ ಅವ್ವ ಇದ್ದಾಳೆಂದು ಗುತ್ಯಪ್ಪ ಬೇಲಿಯ ಕಡೆಗೆ ತಿರುಗಿಸಿ ಇಟ್ಟ. ಸರಿದ.

ಕೋವಿ ಹಾರಿತು.

ಹಿಂದಿನ ತಿಂಗಳು ಮಂಗಗಳನ್ನು ಹೆದರಿಸಲು ಚರೆಯಿಲ್ಲದೆ ಬರೀ ಮಸಿ ತುಂಬಿ ಎಳೆದಾಗ ಅದು ಹಾರಿರಲಿಲ್ಲ. ಒಳಗೇ ಉಳಿದ ಆ ಮಸಿಯನ್ನು ಗುತ್ಯಪ್ಪ ಮರೆತಿದ್ದ; ಬಿಗಿದು ಕುಳಿತ ನಳಿಕೆಯನ್ನು ದಾಟಿ ಎಣ್ಣೆಯಾಗಲಿ ಸೋಪಿನ ನೀರಾಗಲಿ ಅದರವರೆಗೆ ಇಳಿದಿರಲಿಲ್ಲ. ಇಬ್ಬರು ಎಳೆದರೂ ಬಾರದ ನಳಿಕೆ ಸುಯ್ಯೆಂದು ಹೊರಟು, ‘ಗ್ರೀನ್’ ಮತ್ತು ‘ಸಿಟಿ’ಗಳ ನಡುವೆ ಫ್ಲೆಕ್ಸನ್ನು ತೂರಿ, ಆಚೆ ಹಲಸಿನ ಮರಕ್ಕೆ ಬಡಿದು ಬಾಗಿ ಬಿತ್ತು. ಹೊಗೆ ಕರಗಿದಾಗ ಪಾರ್ಟಿಯವರು ಇಬ್ಬರೂ ರಸ್ತೆಯ ತಿರುವಿನಲ್ಲಿ ಕಂಡರು. ಆ ಹೊತ್ತಿಗೆ ಬಂದ ಬಸ್ಸಿಗೆ ಕೈ ತೋರಿಸಿ ಹತ್ತಿದವರು ತಿರುಗಿ ನೋಡಲಿಲ್ಲ.

ಆಮೇಲೆ ಎಲ್ಲ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹರಿಪ್ರಸಾದ್ ನಗಬಾರದೆಂದು ಬಹಳ ಪ್ರಯತ್ನಪಟ್ಟು, ಕೊನೆಗೆ ಹಿತ್ತಿಲ ಕಡೆ ಹೋಗಿ ನಕ್ಕು ಬಂದು, ಗಂಭೀರವಾಗಿ ಕೋವಿಯನ್ನು ವಶಕ್ಕೆ ತೆಗೆದುಕೊಂಡರು. ಇನ್ನೊಂದು ಸಲ ಇಂಥ ಕೈಕೆಲಸಕ್ಕೆ ಇಳಿದರೆ ಕೋವಿಯ ಜೊತೆಗೆ ನೀನೂ ಒಳಗಿರುತ್ತೀಯ ಎಂದು ಎಚ್ಚರಿಸಿದರು. ಕೋವಿಯೂ ಬೇಡ, ಲೈಸೆನ್ಸೂ ಬೇಡ, ಎರಡನ್ನೂ ಬರೆದುಕೊಡುತ್ತೇನೆ ಎಂದು ಗುತ್ಯಪ್ಪ ಕೈಮುಗಿದ. ಮುಂದೆ ಹಾಗೆಯೇ ಮಾಡಿದ ಕೂಡ.

ಗದ್ದಲಕ್ಕೆ ಹುಲಿಯಮ್ಮ ಗದ್ದೆಯಿಂದ ಎದ್ದು ಬಂದಿದ್ದಳು. ಎಲ್ಲವನ್ನೂ ಕೇಳಿ ಮುಗಿದ ಮೇಲೆ ಮಗನ ಎದುರು ನಿಂತಳು.

“ಹಂಗಾರೆ ಗದ್ದೆ ಮಾರಲ್ವ?”

“ಯಾವ ಗದ್ದೆ ಅವ್ವ?”

ಹುಲಿಯಮ್ಮ ಕೆಳಗಿನ ಗದ್ದೆಯತ್ತ ನೋಡಿದಳು. “ಅದಕ್ಕೆ ಒಡೇರಿಗೆ ಗೇಣಿ ಅಳೆದೂ ಅಳೆದೂ ನಿನ್ನಪ್ಪ ಸುಣ್ಣಾಗಿದ್ರು. ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಅರ್ಜಿ ಹಿಡ್ಕೊಂಡು ತೀರ್ಥಹಳ್ಳಿಗೆ ನಡೆದಾಗ ನೀನು ನನ್ನ ಸೊಂಟದ ಮೇಲಿದ್ದೆ,” ಎಂದವಳು, ಮಗನ ಕಡೆ ತಿರುಗಿ, “ಆಗ್ಲೂ ನಿಂಗೆ ಏನೂ ಗೊತ್ತಾಗ್ತಿರ್ಲಿಲ್ಲ,” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಎಲೆಯಡಿಕೆ ಚೀಲ ಬಿಚ್ಚಿದಳು. ಅದನ್ನು ಕಂಡು ದುರ್ಗಮ್ಮ ಗಂಜಿ ಬಿಸಿಮಾಡಲು ಒಳಗೆ ಓಡಿದಳು.

ಎಲೆಗೆ ಸುಣ್ಣ ಹಚ್ಚುತ್ತ ಹುಲಿಯಮ್ಮ ಅಂಗಳದಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡಿದಳು. ಸಸಿ ಬಲಿಯುತ್ತಿತ್ತು. ನಾಟಿಗೆ ಆಳು ಸಿಕ್ಕದೆ ಊರಿಗೆ ಊರೇ ಪರದಾಡುತ್ತಿದ್ದ ಕಾಲ ಅದು. ಇಲ್ಲಿ ನೋಡಿದರೆ ಕರೆಯದೆ ಬಂದ ಜನ ಗುಂಪುಗಟ್ಟಿ ನಿಂತಿದ್ದಾರೆ. ಆಕೆ ಮಗಳಿಗೆ ಸೀರೆ ಎತ್ತಿ ಕಟ್ಟು ಎಂದಳು. ಅಳಿಯನಿಗೆ ಗುತ್ಯಪ್ಪನ ಹಳೇ ಲುಂಗಿ ಕೊಡಿಸಿದಳು. ಪಾಲು ಕೇಳಲು ಬಂದ ಯಮುನಮ್ಮ ಬೇಗನೆ ಕೆಸರಿಗಿಳಿದು, ಹೊಸನಗರಕ್ಕೆ ಹೋದ ಮೇಲೆ ಸೊಂಟ ಬಗ್ಗಿಸಿರಲಿಲ್ಲ ಎಂದು ಹೇಳುತ್ತಲೇ ತಮ್ಮನಿಗಿಂತ ಮುಂದೆ ಸಾಲು ಹಾಕಿದಳು.

ಹೇರಂಬ ಕಾರು ಹತ್ತಿ ಎಷ್ಟು ಒತ್ತಿದರೂ ಚಕ್ರ ನಿಂತಲ್ಲೇ ತಿರುಗಿತು, ಇಳಿದು ನೋಡಹೋದವನ ಬಿಳಿ ಪ್ಯಾಂಟಿಗೆ ಕೆಸರು ಮೆತ್ತಿತು. ಅದನ್ನು ಎಳೆಯಲು ಗುತ್ಯಪ್ಪನ ಟಿಲ್ಲರೇ ಆಗಬೇಕು. ಟಿಲ್ಲರು ಗದ್ದೆ ಹದ ಮಾಡುತ್ತಿದೆ, ನಾಟಿ ಮುಗಿದ ಮೇಲೆ ಕಳಿಸುತ್ತೇನೆ ಎಂದು ಹುಲಿಯಮ್ಮ ತಿಳಿಸಿದಳು. ನಾಟಿ ಯಾವಾಗ ಮುಗಿಯುತ್ತದೆ ಎಂದು ಅವನು ಕೇಳಿದ. ಕೈ ಹೆಚ್ಚಾದಷ್ಟು ಬೇಗ ಎಂದಳು ಆಕೆ. ಹೇರಂಬ ಎರಡೂ ಮೊಬೈಲುಗಳನ್ನು ಕಾರಿನೊಳಗಿಟ್ಟು ಪ್ಯಾಂಟು ಮಡಿಸಿದ.

ಮಧ್ಯಾಹ್ನದ ಬಿಸಿಲಿಗೆ ನಿರಂಜನ ತನ್ನ ಕೆಲಸ ನೆನಪಿಸಿಕೊಂಡ. ಬೆಳೆ ಸಮೀಕ್ಷೆಗೆ ಗದ್ದೆಯ ಫೋಟೊ ಬೇಕಿತ್ತು. ಅಂಚಿನ ಮೇಲೆ ನಿಂತು ಮೊಬೈಲು ಹಿಡಿದ. ರಸ್ತೆಯ ಬದಿಯ ಮೂಲೆಯಲ್ಲಿ, ಸೈಟಾಗಿದ್ದರೆ ಎಲ್ಲಕ್ಕಿಂತ ಮೊದಲು ಹೋಗುತ್ತಿದ್ದ ಜಾಗದಲ್ಲಿ, ಒಂದು ಕೈಯಲ್ಲಿ ಸಸಿಕಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಸೊಂಟ ಹಿಡಿದು ಹೇರಂಬ ನಿಂತಿದ್ದ. ಅಡ್ಡ ಬರುತ್ತೀರಿ, ಸ್ವಲ್ಪ ಬಗ್ಗಿ, ಬೆಳೆ ಕಾಣಬೇಕು ಎಂದು ನಿರಂಜನ ಕೂಗಿದ. ಹೇರಂಬ ಬಗ್ಗಿದ. ಬಗ್ಗಿದವನು ಸುಮ್ಮನೆ ಬಗ್ಗಿರುವುದೇಕೆಂದು ನಾಲ್ಕು ಸಸಿಯನ್ನೂ ಊರಿದ.

ಕುರ್ಚಿಯಲ್ಲಿ ಕುಳಿತು ಗಂಜಿ ಕುಡಿಯುತ್ತಿದ್ದ ಹುಲಿಯಮ್ಮ ಲೋಟ ಕೆಳಗಿಟ್ಟಳು.

“ಸಾಲು ಸೊಟ್ಟ ಆಯ್ತು ಮಾರಾಯ,” ಎಂದಳು. “ಕಿತ್ತು ಇನ್ನೊಂದ್ಸಲ ನೆಡು.”